ಚಿತ್ರದ ಬೆನ್ನು ನೋಡುವವರು

ಕಲಾ ಗ್ಯಾಲರಿಗಳ ಬಗ್ಗೆ ಈ ಅಂಕಣದಲ್ಲಿ ಏನೇ ಬರೆದರೂ ಆಮೇಲೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಒಳಗೆ ಅಷ್ಟು ಮಂಕು ಬೆಳಕೇಕೆ? ಹೋದ ವರ್ಷ ನೋಡಿದ ಚಿತ್ರ ಈ ಸಲ ಗೋಡೆಯ ಮೇಲಿಲ್ಲ, ಮಾರಿಬಿಟ್ಟರಾ? ಇರುವುದನ್ನೆಲ್ಲ ತೋರಿಸದೆ ಸ್ಟೋರಿನಲ್ಲಿ ಬೀಗ ಹಾಕಿಡುವುದು ಯಾವ ನ್ಯಾಯ? ಇತ್ತೀಚೆಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: ಅಜ್ಜನ ಕಾಲದ ಚಿತ್ರವೊಂದು ಮನೆಯಲ್ಲಿದೆ, ಮಕ್ಕಳು ಫಾರಿನ್ನಿನಲ್ಲಿದ್ದಾರೆ, ಮ್ಯೂಸಿಯಂಗೆ ಕೊಟ್ಟರೆ ತೆಗೆದುಕೊಳ್ಳುತ್ತಾರಾ? ಈ ನಾಲ್ಕಕ್ಕೂ ಉತ್ತರವಿರುವುದು ಟಿಕೆಟ್ ಕೊಂಡವರು ಕಾಲಿಡದ ಕೋಣೆಗಳಲ್ಲಿ. ಕೊನೆಯ ಪ್ರಶ್ನೆಯಿಂದಲೇ ಶುರುಮಾಡೋಣ. ಚಿತ್ರವೊಂದು ಮ್ಯೂಸಿಯಂನ ಹಿಂಬಾಗಿಲಿಗೆ ಬಂದಾಗಿನಿಂದ ಅದರ ಜೊತೆ ನಡೆದುಕೊಂಡು ಹೋದರೆ ಉಳಿದ ಮೂರಕ್ಕೂ ಉತ್ತರ ದಾರಿಯಲ್ಲೇ ಸಿಗುತ್ತದೆ.

ಒಂದು ಜಲವರ್ಣ ಚಿತ್ರ ಎಂದುಕೊಳ್ಳಿ. ಮೈಸೂರಿನ ಹಳೆಯ ಮನೆಯೊಂದರ ನಡುಮನೆಯಲ್ಲಿ ಮೂರು ತಲೆಮಾರು ನೇತಾಡಿದ್ದು. ತೇಗದ ಚೌಕಟ್ಟು, ಮೇಲೊಂದು ಗಾಜು, ಮೂಲೆಯಲ್ಲಿ ಸರಿಯಾಗಿ ಓದಲಾಗದ ಸಹಿ. ದಾನ ಕೊಡಲು ಬಂದವರು ಒಂದು ಧನ್ಯವಾದ, ಒಂದು ಕಾಫಿ ನಿರೀಕ್ಷಿಸಿರುತ್ತಾರೆ. ಸಿಗುವುದು ವಿಚಾರಣೆ. ನನ್ನ ಪರಿಚಯದ ಕ್ಯುರೇಟರ್ ಒಬ್ಬರಿದ್ದಾರೆ. ಚಿತ್ರ ಕೈಗೆ ಬಂದ ಕೂಡಲೇ ಅವರು ಅದನ್ನು ಮಗುಚಿ ಮೇಜಿನ ಮೇಲೆ ಮಲಗಿಸುತ್ತಾರೆ. ಮುಖ ಆಮೇಲೆ, ಮೊದಲು ಬೆನ್ನು. ಅಲ್ಲಿ ಫ್ರೇಮು ಕಟ್ಟಿದ ಅಂಗಡಿಯ ಚೀಟಿ ಇರಬಹುದು, ಯಾವುದೋ ಪ್ರದರ್ಶನಕ್ಕೆ ಹೋಗಿಬಂದ ಲೇಬಲ್ಲು ಇರಬಹುದು, ಪೆನ್ಸಿಲ್ಲಿನಲ್ಲಿ ಗೀಚಿದ ಬೆಲೆ, ಹಿಂದಿನ ಯಜಮಾನರ ಹೆಸರು, ರಬ್ಬರ್ ಸ್ಟಾಂಪಿನ ಅರ್ಧ ಅಳಿಸಿದ ವಿಳಾಸ. ಮುಂಭಾಗದ ಸಹಿಯನ್ನು ಯಾರು ಬೇಕಾದರೂ ಹಾಕಬಹುದು. ಹಿಂಭಾಗದಲ್ಲಿ ದಶಕಗಳಿಂದ ತಾನಾಗಿ ಕೂಡಿಬಂದ ಈ ಕಸವನ್ನು ನಕಲು ಮಾಡುವುದು ಕಷ್ಟ. ಚಿತ್ರ ಯಾರ ಕೈಯಿಂದ ಯಾರ ಕೈಗೆ ಬಂತು ಎನ್ನುವ ಈ ಸರಪಳಿಗೆ ಅವರ ವೃತ್ತಿಯಲ್ಲಿ ಪ್ರಾವೆನನ್ಸ್ ಎನ್ನುತ್ತಾರೆ.

ಇಷ್ಟು ಅನುಮಾನವೇಕೆ ಎಂದರೆ, ಈ ಸರಪಳಿಯನ್ನು ಸರಿಯಾಗಿ ಎಳೆದು ನೋಡದ ದೊಡ್ಡ ದೊಡ್ಡ ಸಂಸ್ಥೆಗಳೇ ತಲೆತಗ್ಗಿಸಿವೆ. ಕ್ಯಾನ್‌ಬೆರಾದ ನ್ಯಾಷನಲ್ ಗ್ಯಾಲರಿ ಆಫ್ ಆಸ್ಟ್ರೇಲಿಯಾ 2008ರಲ್ಲಿ ಐವತ್ತು ಲಕ್ಷ ಅಮೆರಿಕನ್ ಡಾಲರ್ ಕೊಟ್ಟು ಚೋಳರ ಕಾಲದ ಕಂಚಿನ ನಟರಾಜನನ್ನು ಕೊಂಡಿತು. ಮಾರಿದವನು ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್. ಕಾಗದಪತ್ರಗಳೆಲ್ಲ ಇದ್ದವು, ಆದರೆ ಅವು ಹುಟ್ಟಿಸಿದ ಕಾಗದಗಳು. ಮೂರ್ತಿ ತಮಿಳುನಾಡಿನ ಶ್ರೀಪುರಂದಾನ್ ಗ್ರಾಮದ ದೇವಸ್ಥಾನದಿಂದ ಕಳುವಾದದ್ದು. ಅದನ್ನು ಸಾಬೀತುಮಾಡಲು ನೆರವಾದದ್ದು ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್‌ನವರು ದೇವಾಲಯಗಳನ್ನು ಸುತ್ತಿ ಹಿಂದೆಯೇ ತೆಗೆದಿಟ್ಟಿದ್ದ ಫೋಟೋಗಳು. ಯಾರೋ ಕ್ಯಾಮೆರಾ ಹಿಡಿದು ಹೋಗಿ, ಫೋಟೋ ತೆಗೆದು, ಊರಿನ ಹೆಸರು ಬರೆದು, ಪೆಟ್ಟಿಗೆಯಲ್ಲಿ ಜೋಡಿಸಿಟ್ಟಿದ್ದರು. 2014ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಪ್ರಧಾನಿಯೇ ದೆಹಲಿಗೆ ಬಂದಾಗ ನಟರಾಜನನ್ನು ಹಿಂದಿರುಗಿಸಿದರು. ಒಂದು ಕಡೆ ಕೋಟಿಗಟ್ಟಲೆ ಬೆಲೆಯ ಸುಳ್ಳು ದಾಖಲೆ, ಇನ್ನೊಂದು ಕಡೆ ಪೆಟ್ಟಿಗೆಯೊಳಗಿನ ಕಪ್ಪುಬಿಳುಪಿನ ನಿಜ ದಾಖಲೆ, ಗೆದ್ದದ್ದು ಎರಡನೆಯದು.

ನಮ್ಮ ಜಲವರ್ಣಕ್ಕೆ ಕಾನೂನಿನ ತನಿಖೆಯೂ ಇದೆ. 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ಚಿತ್ರ, ಶಿಲ್ಪಗಳು ಪುರಾತನ ವಸ್ತುಗಳು. ಅವನ್ನು ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ. ನೂರು ತುಂಬದಿದ್ದರೂ ಒಂಬತ್ತು ಕಲಾವಿದರ ಕೃತಿಗಳಿಗೆ ಇದೇ ನಿರ್ಬಂಧ: ರವಿವರ್ಮ, ರವೀಂದ್ರನಾಥ, ಅವನೀಂದ್ರನಾಥ, ಗಗನೇಂದ್ರನಾಥ, ನಂದಲಾಲ್ ಬೋಸ್, ಜಾಮಿನಿ ರಾಯ್, ಅಮೃತಾ ಶೇರ್‌ಗಿಲ್, ಶೈಲೋಜ್ ಮುಖರ್ಜಿ ಮತ್ತು ನಿಕೊಲಾಯ್ ರೋರಿಚ್. ಈ ರೋರಿಚ್ ನಮ್ಮ ತಾತಗುಣಿ ಎಸ್ಟೇಟಿನ ಸ್ವೆತೊಸ್ಲಾವ್ ಅವರ ತಂದೆ. ಅಜ್ಜನ ಮನೆಯ ಅಟ್ಟದಿಂದ ಇಳಿದ ಚಿತ್ರ ಇವರ ಪೈಕಿ ಯಾರದ್ದಾದರೂ ಆಗಿದ್ದರೆ ಅದನ್ನು ಸುತ್ತಿ ಸೂಟ್‌ಕೇಸಿಗೆ ಹಾಕಿ ನ್ಯೂಜೆರ್ಸಿಯ ಮಗನ ಮನೆಗೆ ಒಯ್ಯುವುದು ಅಪರಾಧವಾಗುತ್ತದೆ. ಇದು ತಿಳಿಯದೆ ವಿಮಾನ ನಿಲ್ದಾಣದಲ್ಲಿ ಪೇಚಿಗೆ ಸಿಗುವವರಿದ್ದಾರೆ.

ಇಷ್ಟೆಲ್ಲ ಆದ ಮೇಲೂ ಮ್ಯೂಸಿಯಂ ಬೇಡ ಎನ್ನಬಹುದು. ಪುಕ್ಕಟೆ ಕೊಟ್ಟರೂ ಬೇಡವೇ ಎಂದು ಜನ ಮುನಿಸಿಕೊಳ್ಳುವುದು ಇಲ್ಲಿಯೇ. ಆದರೆ ತೆಗೆದುಕೊಳ್ಳುವುದೆಂದರೆ ಎಂದೆಂದಿಗೂ ಇಟ್ಟುಕೊಳ್ಳುವ ಮಾತು ಕೊಡುವುದು. ಜಾಗ, ತಂಪು, ಕಾವಲು, ರಿಪೇರಿ, ವರ್ಷಾವಧಿ ಪರಿಶೀಲನೆ ಎಲ್ಲವೂ ಆ ಮಾತಿನೊಳಗೇ ಬಂತು. ಇದೇ ಕಲಾವಿದನ ಇದೇ ಬಗೆಯ ಹತ್ತು ಚಿತ್ರ ಈಗಾಗಲೇ ಇದ್ದರೆ ಹನ್ನೊಂದನೆಯದಕ್ಕೆ ಖರ್ಚು ಮಾಡುವ ಹಣ ಇನ್ನೊಂದು ಕಡೆಯಿಂದ ಕಿತ್ತುಕೊಂಡದ್ದಾಗುತ್ತದೆ. ಅದಕ್ಕೇ ಒಳ್ಳೆಯ ಸಂಸ್ಥೆಗಳಲ್ಲಿ ಒಬ್ಬರ ಮರ್ಜಿಗೆ ಬಿಡದೆ ಸಮಿತಿ ಕೂತು ತೀರ್ಮಾನಿಸುತ್ತದೆ. ಬಂದದ್ದನ್ನೆಲ್ಲ ನಗುನಗುತ್ತ ತೆಗೆದುಕೊಳ್ಳುವ ಮ್ಯೂಸಿಯಂ ಕಂಡರೆ ನನಗೆ ಭಯ. ಅಲ್ಲಿ ಮುಂದೆ ಯಾವುದನ್ನೂ ಸರಿಯಾಗಿ ನೋಡಿಕೊಳ್ಳುವುದಿಲ್ಲ ಎಂದೇ ಅರ್ಥ.

ಸಮಿತಿ ಒಪ್ಪಿತು ಎಂದುಕೊಳ್ಳೋಣ. ಆಗ ಚಿತ್ರಕ್ಕೊಂದು ನಂಬರು ಬೀಳುತ್ತದೆ. ಹೆಚ್ಚಿನ ಕಡೆ ಇದಕ್ಕೆ ಮೂರು ತುಂಡು. 2024.7.3 ಎಂದಿದ್ದರೆ 2024ನೇ ಇಸವಿಯಲ್ಲಿ ಬಂದ ಏಳನೆಯ ಕಂತಿನ ಮೂರನೆಯ ವಸ್ತು ಎಂದು ಓದಿಕೊಳ್ಳಬೇಕು. ಒಮ್ಮೆ ಕೊಟ್ಟ ನಂಬರನ್ನು ಇನ್ನೊಂದು ವಸ್ತುವಿಗೆ ಎಂದೂ ಕೊಡುವುದಿಲ್ಲ, ವಸ್ತು ಸುಟ್ಟು ಬೂದಿಯಾದರೂ ಕೊಡುವುದಿಲ್ಲ. ನಂಬರು ಬರೆಯುವುದಕ್ಕೂ ಶಾಸ್ತ್ರವಿದೆ. ಕಾಗದದ ಮೇಲಾದರೆ ಬೆನ್ನಿನ ಮೂಲೆಯಲ್ಲಿ ಮೆದು ಪೆನ್ಸಿಲ್ಲು. ಸೀರೆ, ಕಸೂತಿಯಾದರೆ ಹತ್ತಿಯ ಪಟ್ಟಿಯ ಮೇಲೆ ಬರೆದು ನಾಲ್ಕು ಹೊಲಿಗೆ. ಕಲ್ಲು, ಲೋಹವಾದರೆ ಬೇಕೆಂದಾಗ ತೆಗೆಯಬಹುದಾದ ವಾರ್ನಿಶ್ಶಿನ ಒಂದು ಪದರ, ಅದರ ಮೇಲೆ ಶಾಯಿ, ಅದರ ಮೇಲೆ ಇನ್ನೊಂದು ಪದರ. ರಿಜಿಸ್ಟರಿನಲ್ಲಿ ಈ ನಂಬರಿನ ಎದುರು ಅಳತೆ, ಮಾಧ್ಯಮ, ಕೊಟ್ಟವರು, ಬಂದ ದಿನ, ಇಟ್ಟ ಜಾಗ, ಫೋಟೋ. ಹೊಲ ಕಣ್ಣೆದುರಿಗಿದ್ದರೂ ಪಹಣಿಯಲ್ಲಿ ಹೆಸರಿಲ್ಲದಿದ್ದರೆ ರೈತನ ಪಾಡೇನೋ, ರಿಜಿಸ್ಟರಿನಲ್ಲಿ ನಂಬರಿಲ್ಲದ ಚಿತ್ರದ ಪಾಡೂ ಅದೇ. ಇದೆ, ಆದರೆ ಇದೆ ಎಂದು ತೋರಿಸಲಾಗದು. ಕಳೆದುಹೋದರೆ ಕಳೆದುಹೋಯಿತು ಎಂದೂ ಹೇಳಲಾಗದು.

ಇದು ಬಡ ಮ್ಯೂಸಿಯಂಗಳ ಸಮಸ್ಯೆ ಎಂದು ಯಾರಾದರೂ ಅಂದುಕೊಂಡಿದ್ದರೆ 2023ರ ಆಗಸ್ಟ್ ತಿಂಗಳ ಲಂಡನ್ನಿನ ಸುದ್ದಿಗಳನ್ನು ನೆನಪಿಸಿಕೊಳ್ಳಿ. ಬ್ರಿಟಿಷ್ ಮ್ಯೂಸಿಯಂನ ಸ್ಟೋರುಗಳಿಂದ ಸುಮಾರು 2,000 ವಸ್ತುಗಳು ಕಾಣೆಯಾಗಿವೆ, ಕಳುವಾಗಿವೆ ಅಥವಾ ಹಾಳಾಗಿವೆ ಎಂದು ಗೊತ್ತಾಯಿತು. ಹೆಚ್ಚಿನವು ಹಳೆಯ ಗ್ರೀಕ್, ರೋಮನ್ ಕಾಲದ ಕೆತ್ತನೆಯ ಹರಳುಗಳು, ಆಭರಣಗಳು. ಕೆಲವು ಆನ್‌ಲೈನ್ ಹರಾಜಿನಲ್ಲಿ ಪುಡಿಗಾಸಿಗೆ ಮಾರಾಟಕ್ಕಿದ್ದವು. ಡೆನ್ಮಾರ್ಕಿನ ಒಬ್ಬ ವ್ಯಾಪಾರಿ 2021ರಲ್ಲೇ ಪತ್ರ ಬರೆದು ಎಚ್ಚರಿಸಿದ್ದರೂ ಮ್ಯೂಸಿಯಂ ನಂಬಿರಲಿಲ್ಲ. ಕೊನೆಗೆ ನಿರ್ದೇಶಕರೇ ರಾಜೀನಾಮೆ ಕೊಡಬೇಕಾಯಿತು. ಇಷ್ಟು ದಿನ ಯಾರಿಗೂ ಯಾಕೆ ಗೊತ್ತಾಗಲಿಲ್ಲ? ಕದ್ದ ವಸ್ತುಗಳಲ್ಲಿ ಬಹುಪಾಲು ಸರಿಯಾಗಿ ಪಟ್ಟಿಗೇ ಸೇರಿರಲಿಲ್ಲ. ಕಳ್ಳನಿಗೆ ಬೀಗದ ಕೈಗಿಂತ ಖಾಲಿ ಬಿಟ್ಟ ಪುಟ ಹೆಚ್ಚು ಅನುಕೂಲ ಮಾಡಿಕೊಟ್ಟಿತು. ಆಮೇಲೆ ಆ ಸಂಸ್ಥೆ ಮೊದಲು ಪ್ರಕಟಿಸಿದ ಯೋಜನೆಗಳಲ್ಲಿ ಒಂದೆಂದರೆ ಐದು ವರ್ಷಗಳಲ್ಲಿ ಇಡೀ ಸಂಗ್ರಹವನ್ನು ದಾಖಲಿಸಿ ಆನ್‌ಲೈನಿಗೆ ಹಾಕುವುದು.

ದಾಖಲೆ ಕಳ್ಳರನ್ನಷ್ಟೇ ಅಲ್ಲ, ಗಾಳಿಮಾತನ್ನೂ ತಡೆಯುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರವಿದೆಯಲ್ಲ, ‘ಗ್ಲೋ ಆಫ್ ಹೋಪ್’, ಅದನ್ನು ನೋಡಿಬಂದವರು ಇವತ್ತಿಗೂ ರವಿವರ್ಮನ ಚಿತ್ರ ಎಂದು ಹೇಳುತ್ತಿರುತ್ತಾರೆ. ಬರೆದವರು ಎಸ್.ಎಲ್. ಹಲ್ದಂಕರ್, ರೂಪದರ್ಶಿಯಾಗಿ ನಿಂತದ್ದು ಅವರದೇ ಮಗಳು, ಕಾಲ 1940ರ ದಶಕ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಜನರ ಬಾಯಲ್ಲಿ ಹಲ್ದಂಕರರ ಹೆಸರು ಅಳಿಸಿಹೋದರೂ ಚಿತ್ರದ ಹೆಸರಿನ ಎದುರು ಅದು ಉಳಿದಿರುವುದು ಯಾರೋ ಬರೆದಿಟ್ಟಿದ್ದರಿಂದ.

ನಂಬರು ಬಿದ್ದ ಮೇಲೆ ಚಿತ್ರ ವೈದ್ಯಕೀಯ ತಪಾಸಣೆಗೆ ಹೋಗುತ್ತದೆ. ಕಂಡಿಷನ್ ರಿಪೋರ್ಟ್ ಎಂದರೆ ಆ ದಿನ ಚಿತ್ರ ಹೇಗಿತ್ತು ಎಂಬುದರ ಪಂಚನಾಮೆ. ಒಂದು ಪಕ್ಕದಿಂದ ಟಾರ್ಚನ್ನು ಓರೆಯಾಗಿ ಬಿಟ್ಟರೆ ಕಾಗದದ ಅಲೆ, ಬಣ್ಣದ ಬಿರುಕು, ಉಬ್ಬು ಎಲ್ಲ ನೆರಳಾಗಿ ಎದ್ದುನಿಲ್ಲುತ್ತವೆ. ಕೋಣೆ ಕತ್ತಲು ಮಾಡಿ ನೇರಳಾತೀತ ದೀಪ ಹಿಡಿದರೆ ತೈಲಚಿತ್ರದ ಹಳೆಯ ವಾರ್ನಿಶ್ಶು ಹಸಿರಾಗಿ ಮಿನುಗುತ್ತದೆ, ಆಮೇಲೆ ಯಾರೋ ತಿದ್ದಿದ ಜಾಗ ಕಪ್ಪಗೆ ಕಾಣುತ್ತದೆ. ಅವಗೆಂಪು ಕಿರಣದಲ್ಲಿ ಬಣ್ಣದ ಕೆಳಗಿನ ಇದ್ದಲಿನ ರೇಖೆ ಕಂಡು, ಕಲಾವಿದ ಕೈಯನ್ನು ಮೊದಲು ಎಲ್ಲಿ ಬರೆದು ಆಮೇಲೆ ಎಲ್ಲಿಗೆ ಸರಿಸಿದ ಎನ್ನುವುದೂ ತಿಳಿಯುತ್ತದೆ. ನಮ್ಮ ಜಲವರ್ಣದಲ್ಲಿ ಸಿಗುವುದು ಸಾಮಾನ್ಯ ರೋಗಗಳು: ತೇವದ ಕಂದು ಚುಕ್ಕೆ, ಹಿಂದೆ ಬಡಿದ ಮರದ ಹಲಗೆಯ ಆಮ್ಲ ಇಳಿದು ಮೂಡಿದ ಪಟ್ಟೆ, ಗಾಜಿಗೆ ಅಂಟಿಕೊಂಡ ಒಂದು ಅಂಚು.

ಅದಕ್ಕೂ ಮೊದಲು ಪ್ರತ್ಯೇಕವಾಸ. ಹೊಸದಾಗಿ ಬಂದದ್ದನ್ನು ನೇರವಾಗಿ ಸ್ಟೋರಿಗೆ ಬಿಡುವುದಿಲ್ಲ, ಅದರೊಳಗೆ ಬಾಡಿಗೆದಾರರಿರಬಹುದು. ಚೌಕಟ್ಟಿನಲ್ಲಿ ಸೂಜಿಮೊನೆಯಷ್ಟು ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಮರ ಕೊರೆಯುವ ಹುಳ. ನಮ್ಮ ಕಡೆಯ ಹಳೆಯ ಚಿತ್ರಗಳನ್ನು ಮೈದಾ ಗಂಜಿಯಲ್ಲಿ ಅಂಟಿಸಿರುತ್ತಾರೆ, ಅದು ಬೆಳ್ಳಿಮೀನು ಹುಳಕ್ಕೆ ಹಬ್ಬದೂಟ. ತಾಳೆಗರಿಯ ಜೊತೆ ಬೇವಿನೆಲೆ, ಬಜೆ ಇಡುತ್ತಿದ್ದ ಹಿರಿಯರಿಗೆ ಈ ಕಾಟ ಗೊತ್ತಿತ್ತು. ಈಗ ಗಾಳಿಯಾಡದ ಚೀಲದೊಳಗಿಟ್ಟು ಆಮ್ಲಜನಕ ಹೀರಿಬಿಟ್ಟು ಹುಳವನ್ನು ಉಸಿರುಗಟ್ಟಿಸುತ್ತಾರೆ; ಬಟ್ಟೆಯಾದರೆ ಸೊನ್ನೆಗಿಂತ ಬಹಳ ಕೆಳಗಿನ ಚಳಿಯಲ್ಲಿಡುತ್ತಾರೆ. ಮೂಲೆಮೂಲೆಗೆ ಅಂಟಿನ ಬಲೆ ಇಟ್ಟು ತಿಂಗಳಿಗೊಮ್ಮೆ ಸಿಕ್ಕ ಹುಳಗಳನ್ನು ಎಣಿಸಿ ಬರೆಯುವುದೂ ಒಂದು ನೌಕರಿ. ಈ ಕೆಲಸದಲ್ಲಿರುವವರಿಗೆ ಅತಿ ಹೆಚ್ಚು ನಿದ್ದೆಗೆಡಿಸುವುದು ಯಾವುದು ಎಂದು ಕೇಳಿದ್ದೆ. ಉದ್ಘಾಟನೆ ಎಂದರು. ಮಾಲೆಯ ಹೂವಿನೊಳಗಿಂದ ಹುಳ ಇಳಿಯುತ್ತದೆ, ಆಳೆತ್ತರದ ದೀಪಕ್ಕೆ ಎಣ್ಣೆ ಸುರಿದು ಬತ್ತಿ ಹಚ್ಚುತ್ತಾರೆ, ಭಾಷಣ ಮುಗಿಯುವ ಹೊತ್ತಿಗೆ ವಡೆಯ ತಟ್ಟೆ ಚಿತ್ರದ ಹತ್ತಿರಕ್ಕೆ ಬಂದಿರುತ್ತದೆ. ಮಂತ್ರಿಗಳಿಗೆ ಬೇಡ ಎನ್ನುವವರು ಯಾರು?

ರಿಪೇರಿಯ ಮಾತಿಗೆ ಬಂದರೆ, ಸಂರಕ್ಷಕರು ಚಿತ್ರವನ್ನು ಹೊಸದು ಮಾಡುವವರಲ್ಲ. ಅವರ ಮೊದಲ ನಿಯಮ, ಇವತ್ತು ಮಾಡಿದ್ದನ್ನು ನಾಳೆ ಬೇರೆಯವರು ಬಿಚ್ಚಲು ಬರಬೇಕು. ಅಂಟು ಕರಗಬೇಕು, ತುಂಬಿದ ಬಣ್ಣ ಅಳಿಸಬೇಕು, ಮೂಲದ ಬಣ್ಣಕ್ಕೆ ಮಾತ್ರ ಏನೂ ಆಗಬಾರದು. ಕಣ್ಣಿಗೆ ಕಾಣದ ಮೂಲೆಯಲ್ಲಿ ಹತ್ತಿಯ ಕಡ್ಡಿಯಿಂದ ಪರೀಕ್ಷೆ ಮಾಡಿ, ಅಂಗುಲ ಅಂಗುಲವಾಗಿ ಮುಂದುವರಿಯುತ್ತಾರೆ. ಆ ಕಡ್ಡಿಗೆ ಹಲವು ಸಲ ಹಚ್ಚುವುದು ಬರೀ ಎಂಜಲು ಎಂದರೆ ನೀವು ನಂಬಲಿಕ್ಕಿಲ್ಲ. ನಮ್ಮ ಜೊಲ್ಲಿನ ಕಿಣ್ವಗಳು ಕೊಳೆ ತೆಗೆಯುವುದರಲ್ಲಿ ನಿಸ್ಸೀಮ. ಪೋರ್ಚುಗಲ್ಲಿನ ಸಂಶೋಧಕರು ಇದನ್ನು ಅಳೆದು ತೋರಿಸಿ 2018ರಲ್ಲಿ ಇಗ್ ನೊಬೆಲ್ ಎಂಬ ತಮಾಷೆಯ ಬಹುಮಾನವನ್ನೂ ಪಡೆದರು. ಇಂಥ ತಾಳ್ಮೆಯ ಎದುರಿಗೆ ನಮ್ಮ ಹಳೆಯ ದೇವಸ್ಥಾನಗಳ ಭಿತ್ತಿಚಿತ್ರಕ್ಕೆ ಜಾತ್ರೆಯ ಹಿಂದಿನ ದಿನ ಎನಾಮಲ್ ಬಳಿಯುವ ಭಕ್ತಿಯನ್ನು ಇಟ್ಟು ನೋಡಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲೇ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ, ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಮೈಸೂರಿನಲ್ಲಿದೆ. ಇವೆರಡೂ ಇರುವುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತೇ ಇಲ್ಲ.

ಇನ್ನು ಹವೆ. ಕ್ಯಾನ್ವಾಸು, ಕಾಗದ, ಮರ ಮೂರೂ ತೇವ ಹೀರಿ ಹಿಗ್ಗುತ್ತವೆ, ಒಣಗಿ ಕುಗ್ಗುತ್ತವೆ. ಮೇಲಿನ ಬಣ್ಣ ಅಷ್ಟು ಬಾಗುವುದಿಲ್ಲ, ಅದಕ್ಕೇ ಬಿರಿಯುತ್ತದೆ. ಮೈಸೂರು ಸಾಂಪ್ರದಾಯಿಕ ಚಿತ್ರಗಳಲ್ಲಿ ಗೆಸ್ಸೋ ಉಬ್ಬಿನ ಮೇಲೆ ಚಿನ್ನದ ರೇಕು ಅಂಟಿಸಿರುತ್ತಾರಲ್ಲ, ಅದು ಹಪ್ಪಳದ ಹಾಗೆ ಏಳುವುದು ಈ ಏರಿಳಿತದಿಂದಲೇ. ಬಹಳ ವರ್ಷ ಲೋಕದ ಮ್ಯೂಸಿಯಂಗಳೆಲ್ಲ ಐವತ್ತು ಶೇಕಡಾ ತೇವಾಂಶ, ಇಪ್ಪತ್ತರ ಆಸುಪಾಸಿನ ಉಷ್ಣತೆ ಎಂದು ಪಟ್ಟು ಹಿಡಿದಿದ್ದವು. ಆ ಹಟಕ್ಕೆ ಸುಡುವ ಕರೆಂಟು ಕಂಡು ದೊಡ್ಡ ಮ್ಯೂಸಿಯಂಗಳ ನಿರ್ದೇಶಕರ ಬಿಜೋ ಗುಂಪು ಕೆಲವು ವರ್ಷಗಳ ಹಿಂದೆ ಪಟ್ಟು ಸಡಿಲಿಸಿತು: ತೇವಾಂಶ 40ರಿಂದ 60, ಉಷ್ಣತೆ 16ರಿಂದ 25 ಡಿಗ್ರಿ, ಏರಿಳಿತ ಮಾತ್ರ ನಿಧಾನವಾಗಿರಲಿ. ನಮ್ಮಲ್ಲಿ ಬರುವ ತೊಂದರೆಯೇ ಬೇರೆ. ಹಗಲು ಪ್ರೇಕ್ಷಕರಿಗೆಂದು ಎಸಿ ಹಾಕಿ ಸಂಜೆ ಬಾಗಿಲು ಮುಚ್ಚುವಾಗ ಆರಿಸಿದರೆ ಚಿತ್ರಕ್ಕೆ ದಿನಕ್ಕೆರಡು ಸಲ ಋತು ಬದಲಾಗುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯಲು ಅಷ್ಟು ಸಾಕು. ಎಸಿ ಇಲ್ಲವೇ ಇಲ್ಲದಿದ್ದರೂ ದಪ್ಪ ಗೋಡೆ, ಮುಚ್ಚಿದ ಕಪಾಟು, ಒಳಗೊಂದಿಷ್ಟು ಸಿಲಿಕಾ ಜೆಲ್ ಇಟ್ಟರೆ ಅದಕ್ಕಿಂತ ಎಷ್ಟೋ ಮೇಲು. ಇದಕ್ಕೆ ಬೇಕಾದದ್ದು ಹಣವಲ್ಲ. ದಿನವೂ ತೇವಾಂಶದ ಅಂಕಿ ನೋಡಿ ಬರೆಯುವ ಒಬ್ಬ ಮನುಷ್ಯ.

ಈಗ ಮಂಕು ಬೆಳಕಿನ ಪ್ರಶ್ನೆ. ನಾವು ಓದುವ ಮೇಜಿನ ಮೇಲೆ 300ರಿಂದ 500 ಲಕ್ಸ್ ಬೆಳಕಿರುತ್ತದೆ, ಮಧ್ಯಾಹ್ನದ ಬಿಸಿಲಿನಲ್ಲಿ ಲಕ್ಷದ ಹತ್ತಿರ. ಜಲವರ್ಣ, ಕಾಗದ, ಜವಳಿಗೆ ಮ್ಯೂಸಿಯಂ ಕೊಡುವುದು 50. ತೈಲಚಿತ್ರವಾದರೆ 200ರವರೆಗೆ. ಬೆಳಕಿನಿಂದ ಮಾಸಿದ ಬಣ್ಣವನ್ನು ಯಾವ ಸಂರಕ್ಷಕನೂ ಮರಳಿ ತರಲಾರ. ಕತ್ತಲಲ್ಲಿಟ್ಟರೆ ಚಿತ್ರ ಚೇತರಿಸಿಕೊಳ್ಳುತ್ತದೆ ಎನ್ನುವುದೂ ಸುಳ್ಳು. ಆದ ಹಾನಿ ಆದದ್ದೇ, ಕತ್ತಲೆ ಮುಂದಿನ ಹಾನಿಯನ್ನು ಮುಂದೂಡುತ್ತದೆ ಅಷ್ಟೆ. ಲೆಕ್ಕ ಹಾಕುವುದು ಲಕ್ಸನ್ನು ಗಂಟೆಗಳಿಂದ ಗುಣಿಸಿ: ಮಂಕು ಬೆಳಕಿನಲ್ಲಿ ಹೆಚ್ಚು ದಿನ ತೋರಿಸಬಹುದು, ಪ್ರಖರ ಬೆಳಕಿನಲ್ಲಿ ಕಡಿಮೆ ದಿನ. ಕೆಲವು ಕಡೆ ಚಿತ್ರದ ಪಕ್ಕದಲ್ಲೇ ನೀಲಿ ಉಣ್ಣೆಯ ಎಂಟು ಪಟ್ಟಿಗಳ ಕಾರ್ಡೊಂದನ್ನು ಬಚ್ಚಿಡುತ್ತಾರೆ. ಒಂದಕ್ಕಿಂತ ಒಂದು ನಿಧಾನವಾಗಿ ಮಾಸುವ ಆ ಪಟ್ಟಿಗಳಲ್ಲಿ ಎಷ್ಟನೆಯದು ಬಿಳಿಚಿಕೊಂಡಿದೆ ಎಂದು ನೋಡಿದರೆ ಚಿತ್ರ ತಿಂದ ಬೆಳಕು ಎಷ್ಟು ಎಂದು ತಿಳಿಯುತ್ತದೆ. ಹೀಗಾಗಿ ಕಾಗದದ ಮೇಲಿನ ಚಿತ್ರ ಕೆಲವು ತಿಂಗಳು ಗೋಡೆಯಲ್ಲಿದ್ದು ಕೆಲವು ವರ್ಷ ಪೆಟ್ಟಿಗೆಗೆ ಹೋಗುತ್ತದೆ. ಹೋದ ವರ್ಷ ನೋಡಿದ್ದು ಈ ವರ್ಷ ಕಾಣದಿದ್ದರೆ ಸಿಟ್ಟಾಗಬೇಡಿ. ನಾನಂತೂ ಬೆಂಗಳೂರಿನಲ್ಲಿ ವೆಂಕಟಪ್ಪನವರ ಜಲವರ್ಣಗಳ ಮುಂದೆ ನಿಂತಾಗಲೆಲ್ಲ ಬೆಳಕು ಇನ್ನೂ ಸ್ವಲ್ಪ ಕಡಿಮೆಯಿರಲಿ ಎಂದೇ ಬಯಸುವವನು. ಕಣ್ಣು ಕೆಲವು ನಿಮಿಷದಲ್ಲಿ ಹೊಂದಿಕೊಳ್ಳುತ್ತದೆ, ಬಣ್ಣಕ್ಕೆ ಆ ಸೌಲಭ್ಯವಿಲ್ಲ.

ಗೋಡೆಯ ಮೇಲಿಲ್ಲದ ಚಿತ್ರ ಎಲ್ಲಿರುತ್ತದೆ ಎಂದರೆ ಹಳಿಯ ಮೇಲೆ ಸರಿಯುವ ಜಾಲರಿಗಳ ಮೇಲೆ, ಚಪ್ಪಟೆ ಡ್ರಾಯರುಗಳಲ್ಲಿ. ನಾನು ನೋಡಿದ ಸ್ಟೋರೊಂದರಲ್ಲಿ ಜಾಲರಿಯನ್ನು ಎಳೆದ ಹಾಗೆಲ್ಲ ಚಿತ್ರಗಳು ಕತ್ತಲಿಂದ ಒಂದೊಂದಾಗಿ ಹೊರಬರುತ್ತಿದ್ದವು, ಗ್ಯಾಲರಿಯಲ್ಲಿ ಕಂಡದ್ದಕ್ಕಿಂತ ಅಲ್ಲಿದ್ದದ್ದೇ ಹೆಚ್ಚು. ಬ್ರಿಟಿಷ್ ಮ್ಯೂಸಿಯಂನ ಸುಮಾರು 80 ಲಕ್ಷ ವಸ್ತುಗಳಲ್ಲಿ ಪ್ರದರ್ಶನಕ್ಕಿರುವುದು 80 ಸಾವಿರ, ಶೇಕಡಾ ಒಂದು. ಉಳಿದದ್ದನ್ನು ಬಚ್ಚಿಟ್ಟಿದ್ದಾರೆ ಎನ್ನುವುದು ಪೂರ್ತಿ ನ್ಯಾಯವಲ್ಲ, ಏಕೆಂದರೆ ಸಂಶೋಧಕರು ಬರುವುದು ಅಲ್ಲಿಗೇ, ಮುಂದಿನ ಪ್ರದರ್ಶನ ಹುಟ್ಟುವುದೂ ಅಲ್ಲಿಂದಲೇ. ಪ್ಯಾರಿಸ್ಸಿನ ಲೂವ್ರ್ ತನ್ನ ನೆಲಮಾಳಿಗೆಗೆ ಸೇನ್ ನದಿಯ ನೆರೆ ನುಗ್ಗುವ ಭಯದಿಂದ ಉತ್ತರ ಫ್ರಾನ್ಸಿನ ಲಿಯೆವಾನಿನಲ್ಲಿ ಸಂಗ್ರಹಕ್ಕೆಂದೇ ಕಟ್ಟಡ ಕಟ್ಟಿ 2019ರಲ್ಲಿ ಸಾಗಣೆ ಶುರುಮಾಡಿತು. ಆದರೂ ಜನರ ಆಕ್ಷೇಪದಲ್ಲಿ ಹುರುಳಿದೆ ಎಂದು ಕೆಲವರು ಒಪ್ಪಿಕೊಂಡಿದ್ದಾರೆ. ನೆದರ್‌ಲೆಂಡ್ಸಿನ ರೋಟರ್‌ಡ್ಯಾಮಿನಲ್ಲಿ ಬೋಯ್ಮನ್ಸ್ ಮ್ಯೂಸಿಯಂ 2021ರಲ್ಲಿ ತನ್ನ ಇಡೀ ಗೋದಾಮನ್ನೇ ಜನರಿಗೆ ತೆರೆಯಿತು, ಒಂದೂವರೆ ಲಕ್ಷ ವಸ್ತುಗಳ ಸಮೇತ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ 2025ರಲ್ಲಿ ತೆರೆದ ಸ್ಟೋರ್‌ಹೌಸಿನಲ್ಲಿ ಯಾರು ಬೇಕಾದರೂ ಮೊದಲೇ ಹೆಸರು ಬರೆಸಿ, ಬೇಕಾದ ವಸ್ತುವನ್ನು ತರಿಸಿಕೊಂಡು ನೋಡಬಹುದು. ತರಿಸಿಕೊಳ್ಳುವುದೆಂದರೆ ಏನಿದೆ, ಎಲ್ಲಿದೆ ಎಂದು ಮೊದಲೇ ಗೊತ್ತಿರಬೇಕು. ಗೋದಾಮು ತೆರೆಯುವ ಧೈರ್ಯ ರಿಜಿಸ್ಟರು ಪೂರ್ತಿಯಾದವರಿಗೆ ಮಾತ್ರ ಬರುತ್ತದೆ.

ಚಿತ್ರ ಊರು ಬಿಟ್ಟು ಹೊರಟರೆ ಇನ್ನೊಂದು ನಾಟಕ. ಎರವಲು ಕೇಳಿದ ಮ್ಯೂಸಿಯಂ ಮೊದಲು ತನ್ನದೇ ಜಾತಕ ಕಳಿಸಬೇಕು: ಕಟ್ಟಡದ ತೇವಾಂಶ ಎಷ್ಟು, ರಾತ್ರಿ ಕಾವಲು ಯಾರು, ಬೆಂಕಿ ಬಿದ್ದರೆ ನೀರೋ ಅನಿಲವೋ. ವಿಮೆ ಮೊಳೆಯಿಂದ ಮೊಳೆಗೆ, ಅಂದರೆ ಇಲ್ಲಿ ಗೋಡೆಯಿಂದ ಇಳಿಸಿದ ಗಳಿಗೆಯಿಂದ ಮರಳಿ ತೂಗುಹಾಕುವವರೆಗೆ. ದೊಡ್ಡ ಪ್ರದರ್ಶನಗಳ ವಿಮೆಯ ಕಂತೇ ಮ್ಯೂಸಿಯಂನ್ನು ಮುಳುಗಿಸುತ್ತದೆ ಎಂದು ಅಮೆರಿಕ 1975ರಲ್ಲಿ, ಬ್ರಿಟನ್ 1980ರಲ್ಲಿ ಕಾಯ್ದೆ ಮಾಡಿ ಆ ಹೊಣೆಯನ್ನು ಸರ್ಕಾರವೇ ಹೊರುವಂತೆ ಮಾಡಿದವು. ಪೆಟ್ಟಿಗೆಯ ಜೊತೆಗೆ ಮ್ಯೂಸಿಯಂನ ಒಬ್ಬರು ಪ್ರಯಾಣ ಮಾಡುತ್ತಾರೆ, ಕಾರ್ಗೋ ಶೆಡ್ಡಿನಲ್ಲಿ ನಡುರಾತ್ರಿ ನಿಂತು ಪೆಟ್ಟಿಗೆ ವಿಮಾನ ಹತ್ತಿದ್ದನ್ನು ಕಣ್ಣಾರೆ ನೋಡುತ್ತಾರೆ. ತಲುಪಿದ ಮೇಲೂ ಸಾಮಾನ್ಯವಾಗಿ 24 ಗಂಟೆ ಪೆಟ್ಟಿಗೆ ಬಿಚ್ಚುವುದಿಲ್ಲ, ಒಳಗಿನ ಹವೆ ಹೊರಗಿನದಕ್ಕೆ ಹೊಂದಿಕೊಳ್ಳಲಿ ಎಂದು. ಬಿಚ್ಚಿದ ಕೂಡಲೇ ಮತ್ತೆ ಆ ಹಳೆಯ ಪಂಚನಾಮೆ ಹೊರಬರುತ್ತದೆ, ಬಿರುಕು ಬಿರುಕಿಗೂ ತಾಳೆ ನೋಡಿ ಎರಡೂ ಕಡೆಯವರು ಸಹಿ ಹಾಕುತ್ತಾರೆ.

ಇಷ್ಟು ದೂರ ನಡೆದ ಮೇಲೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಮ್ಯೂಸಿಯಂ ಎಂದರೆ ನಮ್ಮ ಸರ್ಕಾರಗಳಿಗೆ, ದಾನಿಗಳಿಗೆ ಕಟ್ಟಡ ನೆನಪಾಗುತ್ತದೆ. ಕಟ್ಟಡಕ್ಕೆ ಶಿಲಾಫಲಕವಿರುತ್ತದೆ, ಟೇಪು ಕತ್ತರಿಸಲು ಅವಕಾಶವಿರುತ್ತದೆ. ರಿಜಿಸ್ಟರಿಗೆ ಯಾವ ಫಲಕವೂ ಇಲ್ಲ. ದೇಶದ ಸ್ಮಾರಕ, ಪುರಾತನ ವಸ್ತುಗಳ ಸಂರಕ್ಷಣೆಯ ಬಗ್ಗೆ ಸಿಎಜಿ 2013ರಲ್ಲಿ ಕೊಟ್ಟ ವರದಿ ದಾಖಲಾತಿಯ ಲೋಪಗಳನ್ನೇ ಎತ್ತಿ ಹೇಳಿತ್ತು. ಪುಣೆಯ ಸಿ-ಡ್ಯಾಕ್ ಇದಕ್ಕೆಂದೇ ‘ಜತನ್’ ಎಂಬ ತಂತ್ರಾಂಶ ಮಾಡಿಕೊಟ್ಟಿದೆ, ಕೇಂದ್ರದ ಮ್ಯೂಸಿಯಂಗಳಲ್ಲಿ ಅದು ಬಳಕೆಯಲ್ಲೂ ಇದೆ. ಆದರೆ ತಂತ್ರಾಂಶ ತಾನಾಗಿ ಚಿತ್ರವನ್ನು ಮಗುಚಿ ನೋಡುವುದಿಲ್ಲ. ಅದಕ್ಕೆ ಅಳತೆ ಪಟ್ಟಿ ಹಿಡಿದು ಕೂರುವ, ವರ್ಗಾವಣೆಯಾಗದೆ ಒಂದೇ ಕಡೆ ಹತ್ತು ವರ್ಷ ಇರುವ, ನಿವೃತ್ತಿಯಾದಾಗ ಜಾಗ ಖಾಲಿ ಬೀಳದ ಒಬ್ಬ ರಿಜಿಸ್ಟ್ರಾರ್ ಬೇಕು. ಹೊಸ ಗ್ಯಾಲರಿಯೊಂದಕ್ಕೆ ಅಮೃತಶಿಲೆ ಹಾಕಿಸುವ ದುಡ್ಡಿನಲ್ಲಿ ಇಂಥವರ ಸಂಬಳ ಬಹಳ ವರ್ಷ ನಡೆಯುತ್ತದೆ. ಜಿಲ್ಲೆಗೊಂದು ಮ್ಯೂಸಿಯಂ ಎಂದು ಯಾರಾದರೂ ಘೋಷಿಸಿದರೆ ನಾವು ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಎಕರೆ ಎಂದಲ್ಲ, ಈಗಿರುವ ವಸ್ತುಗಳ ಪಟ್ಟಿ ಎಲ್ಲಿದೆ ಎಂದು.

ಮನೆಯಲ್ಲಿ ಹಳೆಯ ಚಿತ್ರವಿಟ್ಟುಕೊಂಡು ಬರೆದವರಿಗೆ ನನ್ನ ಉತ್ತರ ಇಷ್ಟು. ಕೊಡುವ ಮೊದಲು ಅದಕ್ಕೆ ಹೊಸ ಚೌಕಟ್ಟು ಹಾಕಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಬೆನ್ನಿನ ಕೊಳಕು ಚೀಟಿ ಕೀಳಬೇಡಿ. ಮುಂದೆ, ಹಿಂದೆ ಎರಡೂ ಕಡೆ ಫೋಟೋ ತೆಗೆಯಿರಿ. ಮನೆಯ ಹಿರಿಯರು ಇನ್ನೂ ಇದ್ದರೆ ಈ ವಾರವೇ ಅವರ ಪಕ್ಕ ಕೂತು ಯಾರು ಬರೆದದ್ದು, ಯಾರು ಕೊಂಡದ್ದು, ಯಾವ ಊರಿಂದ ಯಾವ ಊರಿಗೆ ಬಂತು ಎಂದು ಒಂದು ಹಾಳೆಯಲ್ಲಿ ಬರೆದು ತಾರೀಖು ಹಾಕಿ ಸಹಿ ಮಾಡಿಸಿ. ಮ್ಯೂಸಿಯಂನವರು ಚಿತ್ರ ಒಪ್ಪಲಿ, ಒಪ್ಪದಿರಲಿ, ಆ ಹಾಳೆಯ ಒಂದು ಪ್ರತಿಯನ್ನು ಚಿತ್ರದ ಜೊತೆಗೇ ಇಡಿ.